3334 ಕೈಯಲ್ಲಿದ್ರೆ ನೀವು ಯಾವುದಕ್ಕೆ ಕಾಯ್ತಿದೀರಿ?

ರಮ್ಮಿ ಆಡಿ ಗೊತ್ತಿದ್ರೆ ಇವತ್ತಿನ ಮಾತು ಅರ್ಧ ಅರ್ಥವಾದ ಹಾಗೇ. ಜಪಾನಿನ ರೀಚಿ ಮಹಜಾಂಗ್‌ನಲ್ಲೂ ಕೈಯಲ್ಲಿ 13 ಕಾಯಿ. ಮೂರು ಮೂರರ ನಾಲ್ಕು ಗುಂಪು, ಒಂದು ಜೋಡಿ ಆಗಬೇಕು. ಗುಂಪು ಅಂದ್ರೆ 345 ಥರ ಸೀಕ್ವೆನ್ಸ್, ಇಲ್ಲಾ 333 ಥರ ಒಂದೇ ಕಾಯಿ ಮೂರು. 14ನೇ ಕಾಯಿಯೊಂದು ಸಿಕ್ಕರೆ ಸಾಕು ಅನ್ನೋ ಸ್ಥಿತಿಗೆ ಟೆನ್ಪಾಯ್ ಅಂತಾರೆ. ಪ್ರತಿ ಬಗೆಯ ಕಾಯಿ ಇರೋದು ನಾಲ್ಕೇ.

45 ಇದ್ದರೆ 3 ಅಥವಾ 6 ಬೇಕು, ಒಟ್ಟು 8 ಕಾಯಿ. ಇದು ಎಲ್ಲರಿಗೂ ಕಾಣುತ್ತೆ. 23456 ಇದ್ದರೆ 1, 4, 7. ಇದೂ ಬೇಗ ರೂಢಿಯಾಗುತ್ತೆ.

ತೊಂದರೆ ಕೊಡೋದು 3334. ಉಳಿದ ಮೂರು ಗುಂಪು ತಯಾರಿವೆ ಅಂದ್ಕೊಳ್ಳಿ. ಕಣ್ಣು ತಕ್ಷಣ 333 ಅನ್ನು ಪಕ್ಕಕ್ಕಿಡುತ್ತೆ. 4ಕ್ಕೆ ಜೋಡಿ ಬೇಕು, ಅಂದ್ರೆ ಮೂರೇ ಕಾಯಿ. ಈಗ ಅದನ್ನೇ ಬೇರೆ ಥರ ಒಡೆಯಿರಿ: 33 ಜೋಡಿ, 34 ಬೇರೆ. 2 ಬಂದರೂ ಆಯ್ತು, 5 ಬಂದರೂ ಆಯ್ತು. ಮೂರು ಕಾಯಿ ಅಂದ್ಕೊಂಡಿದ್ದು 11 ಆಯ್ತು!

'ಆಪ್ ತೋರಿಸುತ್ತಲ್ಲ ಗುರೂ' ಅಂತೀರಿ. ನಿಜ, ಮಹಜಾಂಗ್ ಸೋಲ್ ತೋರಿಸುತ್ತೆ. ಆದ್ರೆ ನಿಜವಾದ ಮೇಜಿನ ಮೇಲೆ ಯಾರೂ ಹೇಳಲ್ಲ. ಅಲ್ಲಿ ಫುರಿತೆನ್ ಅನ್ನೋ ನಿಯಮ ಕಾದು ಕೂತಿರುತ್ತೆ. ನೀವು ಕಾಯ್ತಿರೋ ಕಾಯಿಗಳಲ್ಲಿ ಒಂದನ್ನಾದರೂ ಹಿಂದೆ ನೀವೇ ಬಿಸಾಕಿದ್ದರೆ, ಬೇರೆಯವರು ಬಿಟ್ಟ ಕಾಯಿಯಿಂದ ಗೆಲ್ಲೋ ಹಾಗಿಲ್ಲ. ನೀವೇ ಎತ್ತಿಕೊಳ್ಳಬೇಕು. ಮೊದಲೇ 2 ಬಿಸಾಕಿ, ಈಗ 'ನಾನು ಕಾಯ್ತಿರೋದು 4 ಮಾತ್ರ' ಅಂತ 1000 ಪಾಯಿಂಟಿನ ಕಡ್ಡಿ ಇಟ್ಟು ರೀಚಿ ಘೋಷಿಸಿದ್ರಿ ಅನ್ನಿ. ಎದುರಿನವರು 4 ಬಿಡ್ತಾರೆ. ನಿಮ್ಮದಲ್ಲ! ಇನ್ನೊಂದು, ರೀಚಿ ಆದಮೇಲೆ ಯಾರೋ ಬಿಟ್ಟ 5 ನಿಮ್ಮದು ಅಂತ ಗೊತ್ತಾಗದೆ ಸುಮ್ಮನಿದ್ದರೆ, ಆ ಸುತ್ತು ಮುಗಿಯೋವರೆಗೂ ಅದೇ ಗತಿ.

ಪಟ್ಟಿ ಬಾಯಿಪಾಠ ಮಾಡೋದು ನನಗೆ ಅಷ್ಟು ಇಷ್ಟವಿಲ್ಲ. ಒಂದೇ ಕಾಯಿ ಮೂರು ಕಂಡರೆ ಒಮ್ಮೆ ಗುಂಪಾಗಿ ತೆಗೀರಿ, ಇನ್ನೊಮ್ಮೆ ಜೋಡಿಯಾಗಿ ತೆಗೀರಿ, ಉಳಿದದ್ದನ್ನ ನೋಡಿ. ಅಷ್ಟೇ.

3334555 ಮೇಲೆ ಪ್ರಯತ್ನಿಸಿ. 333 ತೆಗೆದು, ಉಳಿದದ್ದರಲ್ಲಿ 55 ಜೋಡಿ ಮಾಡಿದರೆ 45 ಉಳಿಯುತ್ತೆ: 3, 6. 555 ತೆಗೆದು 33 ಜೋಡಿ ಮಾಡಿದರೆ 34: 2, 5. ಎರಡೂ ಗುಂಪು ತೆಗೆದರೆ ಒಂಟಿ 4. ಐದು ಬಗೆ ಆಯ್ತು. ಆದ್ರೆ 3, 5 ಆಗಲೇ ಮೂರು ಮೂರು ನಿಮ್ಮ ಕೈಯಲ್ಲಿವೆ, ಒಂದೊಂದೇ ಬಾಕಿ. 4 ಮೂರು ಬಾಕಿ. ಲೆಕ್ಕ ಹಾಕಿದ್ರೆ 13 ಕಾಯಿ.