ಗುಡಿಸುವವರು ಪುರಸಭೆಯವರು, ಕಸದ ಗಾಡಿಯವರು ಯಾರವರು?



ಇವತ್ತಿನ ವಿಷಯ ಪೌರಕಾರ್ಮಿಕರು. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಪೇಟೆಗಳಲ್ಲಿ ಅಂಗಡಿ ಬಾಗಿಲು ತೆಗೆಯುವ ಮೊದಲೇ ರಸ್ತೆ ಗುಡಿಸಿ ಮುಗಿಸಿರ್ತಾರಲ್ಲ, ಅವರು. ಅವರಿಗೆ ಸಂಬಳ ಕೊಡುವುದು ಯಾರು? ಪುರಸಭೆಯಾ, ಗುತ್ತಿಗೆದಾರರಾ? ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಇಡೀ ಕತೆ ಇರುವುದು ಇದರಲ್ಲೇ.

ನಾನು ಓದಿದ್ದು ಬಿಕಾಂ, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೇನೆ. ಗುತ್ತಿಗೆ ಅಂದ್ರೆ ಟೆಂಡರ್. ಕಡಿಮೆ ದರ ಹಾಕಿದವರಿಗೆ ಕೆಲಸ. ರಸ್ತೆ ಗುಡಿಸುವ ಕೆಲಸದಲ್ಲಿ ಖರ್ಚಿನ ಬಹುಪಾಲು ಸಂಬಳವೇ. ಪೊರಕೆಗೆ, ಬುಟ್ಟಿಗೆ ಎಷ್ಟು ಮಹಾ ಖರ್ಚು ಮಾರಾಯ್ರೆ? ಹಾಗಾದ್ರೆ ದರ ಇಳಿಸಿ, ಮೇಲಿಂದ ಲಾಭವನ್ನೂ ಉಳಿಸಬೇಕಾದ್ರೆ ಎಲ್ಲಿಂದ ಉಳಿಸುವುದು? ಒಂದೋ ಜನ ಕಡಿಮೆ ಮಾಡಬೇಕು, ಇಲ್ಲಾ ಕೂಲಿಗೆ ಕತ್ತರಿ ಹಾಕಬೇಕು, ಅದೂ ಇಲ್ಲಾಂದ್ರೆ ಪಿಎಫ್, ಇಎಸ್‌ಐ ಕಟ್ಟದೆ ಬಿಡಬೇಕು. ಪಿಎಫ್‌ಗೆ ಕಾರ್ಮಿಕರ ಪಾಲು 12 ಶೇಕಡಾ. ಸಂಬಳದಿಂದ ಅದನ್ನು ಹಿಡಿದ ಮೇಲೆ ಖಾತೆಗೆ ಹೋಯ್ತಾ ಅಂತ ನೋಡುವವರು ಯಾರು?

ಕಾನೂನು ಇಲ್ಲ ಅಂತಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು ಅಂತ ಇತ್ತು. ಇಲ್ಲಿ ಮೂಲ ಮಾಲೀಕರು ಅಂದ್ರೆ ಪುರಸಭೆ. ಆದರೆ ಕೆಲಸ ಹೋಗುವ ಭಯ ಇರುವವರು ಆ ಸೆಕ್ಷನ್ ಹಿಡ್ಕೊಂಡು ಕಚೇರಿ ಮೆಟ್ಟಿಲು ಹತ್ತುವುದು ಸುಲಭವಾ?

ಅದಕ್ಕೇ ಹೋರಾಟ ಬೀದಿಗೆ ಬಂತು. 2017ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಮುಷ್ಕರ ಆಯ್ತು. ಗುತ್ತಿಗೆ ಪದ್ಧತಿ ಕೈಬಿಡುವ ತೀರ್ಮಾನಕ್ಕೆ ಸರ್ಕಾರ ಬಂತು. ಬಿಬಿಎಂಪಿಯಲ್ಲಿ 2018ರ ಆರಂಭದಿಂದ 'ನೇರ ಪಾವತಿ'. ಅಂದ್ರೆ ಮಧ್ಯದಲ್ಲಿ ಗುತ್ತಿಗೆದಾರ ಇಲ್ಲ, ಪಾಲಿಕೆಯಿಂದ ಸೀದಾ ಬ್ಯಾಂಕ್ ಖಾತೆಗೆ ದುಡ್ಡು.

ಇಲ್ಲೊಂದು ವಿಷಯ ಸರಿಯಾಗಿ ಹಿಡ್ಕೊಳ್ಳಿ. ನೇರ ಪಾವತಿ ಬೇರೆ, ಕಾಯಂ ಬೇರೆ. ನೇರ ಪಾವತಿಯಲ್ಲಿ ಸಂಬಳ ಕೊಡುವ ಕೈ ಬದಲಾಯ್ತು ಅಷ್ಟೇ. ಕಾಯಂ ನೌಕರರ ವೇತನ ಶ್ರೇಣಿ, ರಜೆ, ನೌಕರಿ ಭದ್ರತೆ ಅದರ ಜೊತೆಗೆ ಬರಲಿಲ್ಲ. ಕೋರ್ಟಿಗೆ ಹೋದ್ರೆ? 2006ರಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದಲ್ಲಿ, ಅದೂ ನಮ್ಮ ಕರ್ನಾಟಕದ್ದೇ ಕೇಸು, ತಾತ್ಕಾಲಿಕವಾಗಿ ಸೇರಿದವರು ಕಾಯಮಾತಿಯನ್ನು ಹಕ್ಕು ಅಂತ ಕೇಳುವ ಹಾಗಿಲ್ಲ ಅಂದಿತ್ತು. ಹಾಗಾಗಿ ಸರ್ಕಾರವೇ ನೇಮಕಾತಿ ಮಾಡಬೇಕಿತ್ತು.

2022ರ ಜುಲೈ 1ರಿಂದ ರಾಜ್ಯಾದ್ಯಂತ ಮುಷ್ಕರ. ನಾಲ್ಕು ದಿನ ಕಸ ಎದ್ದಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ 11,133 ಪೌರಕಾರ್ಮಿಕರ ಕಾಯಮಾತಿಗೆ ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನರಿಗೆ ನೇಮಕಾತಿ ಪತ್ರ ಸಿಕ್ಕಿತು.

ಈಗ ನಮ್ಮ ಊರಿಗೆ ಬರುವ. 700 ಜನರಿಗೆ ಒಬ್ಬ ಪೌರಕಾರ್ಮಿಕ, ಇದು ಸರ್ಕಾರದ ಅಳತೆ. 1970ರ ದಶಕದ ಐ.ಪಿ.ಡಿ. ಸಾಲಪ್ಪ ಸಮಿತಿ ಹೇಳಿದ್ದು 500ಕ್ಕೆ ಒಬ್ಬರು. 2011ರ ಜನಗಣತಿ ಪ್ರಕಾರ ಬಂಟ್ವಾಳ ಪುರಸಭೆಯಲ್ಲಿ ಸುಮಾರು 40 ಸಾವಿರ ಜನ, ಮೂಡುಬಿದಿರೆಯಲ್ಲಿ 29 ಸಾವಿರ ಚಿಲ್ಲರೆ. ಭಾಗಿಸಿ ನೋಡಿ. ಬಂಟ್ವಾಳಕ್ಕೆ 57 ಜನ ಬೇಕು, ಮೂಡುಬಿದಿರೆಗೆ 42. ಸಾಲಪ್ಪ ಲೆಕ್ಕದಲ್ಲಾದ್ರೆ 80 ಮತ್ತು 58ರ ಮೇಲೆ. ಬೆಳ್ತಂಗಡಿ ಚಿಕ್ಕ ಪಟ್ಟಣ ಪಂಚಾಯತ್, ಅಲ್ಲಿ ಹತ್ತು ಹನ್ನೊಂದು ಜನ. ಆದರೆ ಈ ಲೆಕ್ಕ ಅಲ್ಲೇ ಮಲಗುವವರನ್ನು ಮಾತ್ರ ಎಣಿಸ್ತದೆ. ಧರ್ಮಸ್ಥಳದ ದಾರಿಯಲ್ಲಿ ಬಂದು ಹೋಗುವವರು, ಮೂಡುಬಿದಿರೆ ಕಾಲೇಜುಗಳಿಗೆ ದಿನಾ ಬರುವ ಮಕ್ಕಳು, ಬಿ.ಸಿ.ರೋಡಲ್ಲಿ ಬಸ್ ಬದಲಿಸುವವರು ಇದರಲ್ಲಿಲ್ಲ. ಅವರ ಕಸ ಮಾತ್ರ ಉಂಟು.

ಇನ್ನು ಗಾಡಿಯ ವಿಷಯ. ಗುಡಿಸುವವರು ಒಳಗೆ ಬಂದ್ರು. ಕಸದ ಗಾಡಿ ಓಡಿಸುವ ಚಾಲಕರು, ಲೋಡರ್‌ಗಳು, ಒಳಚರಂಡಿ ಕೆಲಸದವರು ಅನೇಕ ಕಡೆ ಹೊರಗುತ್ತಿಗೆಯಲ್ಲೇ ಉಳಿದ್ರು. 2023ರ ಮಾರ್ಚ್‌ನಲ್ಲಿ ಅವರೂ ನೇರ ಪಾವತಿ ಕೇಳಿ ಮುಷ್ಕರ ಹೂಡಿದಾಗ ಮಂಗಳೂರಿನ ಬೀದಿಗಳಲ್ಲಿ ಕಸ ರಾಶಿ ಬಿದ್ದಿತ್ತು. ಅದೇ ಕಸ, ಅದೇ ವಾಸನೆ. ರಸ್ತೆಯಿಂದ ಎತ್ತಿದವರು ಸರ್ಕಾರದವರು, ಗಾಡಿಗೆ ಹಾಕಿದವರು ಬೇರೆಯವರು. ಇದು ಯಾವ ನ್ಯಾಯ?

'ಕಾಯಂ ಮಾಡಿದ್ರೆ ಮತ್ತೆ ಕೆಲಸವೇ ಮಾಡುದಿಲ್ಲ' ಅಂತ ಹೇಳುವವರಿದ್ದಾರೆ. ಮೇಲ್ವಿಚಾರಣೆ ಬೇಕು, ಒಪ್ತೇನೆ. ಆದರೆ ಆಫೀಸಿನ ಗುಮಾಸ್ತರು ಕಾಯಂ ಆಗಿರುವುದಕ್ಕೆ ನಾವು ಈ ಮಾತು ಹೇಳುದಿಲ್ಲ. ಕರಾವಳಿಯಲ್ಲಿ ಈ ಕೆಲಸಕ್ಕೆ ತಲೆಮಾರುಗಳಿಂದ ಬಂದವರು ಕೊರಗ ಸಮುದಾಯದವರು, ದಲಿತರು. ಅವರ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಖರ್ಚು ನೆನಪಾಗ್ತದೆ.

ನೀವು ಮಾಡಬಹುದಾದದ್ದು ಒಂದುಂಟು. 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ನಿಮ್ಮ ಪುರಸಭೆಗೆ ಮೂರು ಪ್ರಶ್ನೆ ಕೇಳಿ. ಕಾಯಂ ಎಷ್ಟು, ನೇರ ಪಾವತಿ ಎಷ್ಟು, ಹೊರಗುತ್ತಿಗೆ ಎಷ್ಟು? ಚಾಲಕರು, ಲೋಡರ್‌ಗಳು ಯಾವ ಪಟ್ಟಿಯಲ್ಲಿದ್ದಾರೆ? ಕಳೆದ ಹನ್ನೆರಡು ತಿಂಗಳ ಪಿಎಫ್ ಕಟ್ಟಿದ ಚಲನ್ ಎಲ್ಲಿ?

ಉತ್ತರ ಬಂದ್ರೆ ನನಗೆ ಕಳಿಸಿ, ಅದನ್ನೇ ಒಂದು ಎಪಿಸೋಡ್ ಮಾಡುವ. ಬರದಿದ್ರೆ ಮೂವತ್ತು ದಿನ ಆದ ಮೇಲೆ ಮೇಲ್ಮನವಿ ಹಾಕಿ, ಆ ಕತೆಯನ್ನೂ ಹೇಳಿ. ಸಿಗುವ.