ಗುಂಡು ಎತ್ತುವವನ ಗುದ್ದು

ಸುರಪುರ, ಶಹಾಪುರ, ಯಾದಗಿರಿ ಕಡೆಯ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಪಂದ್ಯವನ್ನು ನೀವು ನೋಡಿರುತ್ತೀರಿ. ಪೈಲ್ವಾನ್ ಕುಕ್ಕರಗಾಲಲ್ಲಿ ಕೂತು, ಅಂಗೈಗೆ ಮಣ್ಣು ಉಜ್ಜಿಕೊಂಡು, ಕಲ್ಲನ್ನು ಮೊದಲು ತೊಡೆಯ ಮೇಲೆ, ಆಮೇಲೆ ಎದೆಗೆ, ಕಡೆಗೆ ಹೆಗಲಿಗೆ ತರುತ್ತಾನೆ. ಇವನು ಬಾಕ್ಸಿಂಗ್ ಕಣಕ್ಕೆ ಇಳಿದರೆ? “ಅಂಥ ರಟ್ಟೆ ಇದ್ದವನ ಮುಂದ ಯಾರು ನಿಲ್ತಾರ?” ಅನ್ನುವವರುಂಟು. “ಭಾರ ಎತ್ತಿ ಎತ್ತಿ ಮೈ ಬಿಗಿದಿರ್ತದ, ಕೈ ಲಗೂನ ಆಡಂಗಿಲ್ಲ” ಅನ್ನುವವರೂ ಉಂಟು. ಬಾಕ್ಸಿಂಗ್ ಕಲಿಸುವ ಹಳಬರಲ್ಲಿ ಅನೇಕರು ಬಹುಕಾಲ ಈ ಎರಡನೆಯ ಮಾತನ್ನೇ ನಂಬಿದ್ದರು.

ನೀವೇ ಒಂದು ಪ್ರಯೋಗ ಮಾಡಿ ನೋಡಿ. ಕಾಲು ಚಾಚಿ ನೆಲದ ಮೇಲೆ ಕೂತು ಚೆಂಡು ಎಸೆಯಿರಿ. ಆಮೇಲೆ ಎದ್ದು, ಒಂದು ಕಾಲು ಹಿಂದಿಟ್ಟು ಎಸೆಯಿರಿ. ಕೈ ಅದೇ, ಚೆಂಡೂ ಅದೇ. ಆದರೆ ಈ ಸಲ ಅದು ಎಷ್ಟೋ ದೂರ ಹೋಗುತ್ತದೆ. ಹಿಂದಿನ ಕಾಲು ನೆಲವನ್ನು ಒತ್ತಿದಾಗ ನೆಲವೂ ಅಷ್ಟೇ ಬಲದಿಂದ ನಿಮ್ಮನ್ನು ಒತ್ತುತ್ತದೆ. ನ್ಯೂಟನ್ ಹೇಳಿದ ಮೂರನೆಯ ನಿಯಮ ಇದೇ. ಆ ಬಲ ಸೊಂಟ, ಬೆನ್ನು, ಭುಜ ಹಾದು ಕೈಗೆ ಬರುತ್ತದೆ.

ಗುದ್ದು ಹುಟ್ಟುವುದೂ ಹೀಗೆಯೇ. ಸೋವಿಯತ್ ಸಂಶೋಧಕರು ಬಾಕ್ಸರ್‌ಗಳ ಗುದ್ದನ್ನು ಅಳೆದು ನೋಡಿದರು. ಪಳಗಿದವರ ಗುದ್ದಿನಲ್ಲಿ ಕಾಲಿನ ಪಾಲು ಸುಮಾರು ಶೇ. 38, ಹೊಸಬರಲ್ಲಿ ಸುಮಾರು ಶೇ. 17 ಮಾತ್ರ! ಕಲ್ಲು ಹೊತ್ತು ಮೇಲೇಳುವ ಪೈಲ್ವಾನನ ತೊಡೆ ಬಾಕ್ಸರ್‌ಗೂ ಬೇಕು ಅನ್ನುವುದು ಇದಕ್ಕೇ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ಆಡುವ ಜಟ್ಟಿಗಳೂ ಗರಡಿಯಲ್ಲಿ ಸಾಮು ಮಾಡಿಯೇ ಕಣಕ್ಕೆ ಬರುತ್ತಾರೆ.

ಆದರೆ ಕಲ್ಲು ಎತ್ತಲು ಹಲವು ಸೆಕೆಂಡು ಹಿಡಿಯುತ್ತದೆ, ಗುದ್ದಿಗೆ ಅಷ್ಟು ಪುರುಸೊತ್ತಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಸ್ನಾಯು ತನ್ನ ಪೂರ್ತಿ ಬಲ ಹೊರಹಾಕಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇರುವ ಬಲವನ್ನು ತಟ್ಟನೆ ಹೊರಹಾಕುವುದನ್ನು ನರಗಳು ಬೇರೆಯಾಗಿ ಕಲಿಯಬೇಕು. ಅದಕ್ಕೇ ಬಾಕ್ಸರ್‌ಗಳು ಭಾರ ಎತ್ತುವುದರ ಜೊತೆಗೆ ಎಗರುತ್ತಾರೆ, ತೂಕದ ಚೆಂಡನ್ನು ಗೋಡೆಗೆ ರಭಸದಿಂದ ಎಸೆಯುತ್ತಾರೆ, ಗುದ್ದುವ ಅಭ್ಯಾಸವನ್ನಂತೂ ಬಿಡುವುದೇ ಇಲ್ಲ.

1985ರಲ್ಲಿ ಅಮೆರಿಕದ ಮೈಕೆಲ್ ಸ್ಪಿಂಕ್ಸ್ ಭಾರ ಎತ್ತಿ ಮೈ ತುಂಬಿಸಿಕೊಂಡು, ತನಗಿಂತ ದೊಡ್ಡ ತೂಕದ ಚಾಂಪಿಯನ್ ಲ್ಯಾರಿ ಹೋಮ್ಸ್ ವಿರುದ್ಧ ಕಣಕ್ಕಿಳಿದ. ಹೋಮ್ಸ್ ಅದುವರೆಗೆ 48 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. ಗೆದ್ದದ್ದು ಸ್ಪಿಂಕ್ಸ್. ಭಾರ ಎತ್ತಿದರೆ ಕೈ ಜಡವಾಗುತ್ತದೆ ಎಂಬ ಹೆದರಿಕೆ ಆಮೇಲೆ ಕರಗುತ್ತ ಬಂತು.

ಭಾರ ತೊಡಕಾಗುವುದೂ ಉಂಟು. ಡಂಬೆಲ್ ಹಿಡಿದು ಗಾಳಿಗೆ ಗುದ್ದುವವರನ್ನು ನೋಡಿ. ಗುದ್ದು ಮುಂದಕ್ಕೆ ಹೋಗಬೇಕು, ಭೂಮಿ ಡಂಬೆಲನ್ನು ಎಳೆಯುವುದು ಕೆಳಕ್ಕೆ. ಭುಜ ದಣಿಯುತ್ತದೆ, ಗುದ್ದಿಗೆ ಲಾಭ ಕಡಿಮೆ. ಇನ್ನೊಂದು, ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವುದೇ ತೂಕ ನೋಡಿ. ಬರೀ ತೋರಿಕೆಗೆ ಮೈ ಬೆಳೆಸಿದರೆ ಎದುರಾಳಿಯೂ ದೊಡ್ಡವನೇ ಸಿಗುತ್ತಾನೆ. ದೊಡ್ಡ ಸ್ನಾಯುವಿಗೆ ಆಮ್ಲಜನಕವೂ ಹೆಚ್ಚು ಬೇಕು. ಮೂರನೆಯ ಸುತ್ತಿಗೆ ಏದುಸಿರು.

ನಿಮ್ಮ ವಯಸ್ಸಿಗೆ ದೊಡ್ಡ ಕಲ್ಲು ಬೇಡ, ನಿಮ್ಮ ಮೈತೂಕವೇ ಸಾಕು. ಗರಡಿಯ ಉಸ್ತಾದರ ಎದುರು ಬಸ್ಕಿ, ದಂಡ ಹೊಡೆಯಿರಿ. ಬಸ್ಕಿಯಲ್ಲಿ ನಿಧಾನ ಇಳಿದು, ಹಿಮ್ಮಡಿ ನೆಲಕ್ಕೆ ಊರಿ, ಥಟ್ಟನೆ ಮೇಲೇಳಿ.