ಗಡಿ ನೋಡದೆ ಕೊಟ್ಟ ಜಾಗ

ಮೈಸೂರಿನಲ್ಲಿ ಮನೆ ಕಟ್ಟಿಸಿದವರಿಗೆ ಒಂದು ಅನುಭವ ಉಂಟು. ಅರ್ಜಿಯಲ್ಲಿ ನೀವು ಏನೇ ಬರೆದಿರಲಿ, ನಕ್ಷೆ ಬಿಚ್ಚಿ, ನಿಮ್ಮ ನಿವೇಶನ ಎಲ್ಲಿಗೆ ಮುಗಿಯುತ್ತದೆಂದು ನೋಡಿದ ಮೇಲೆಯೇ ಕಚೇರಿಯವರ ಮುಂದಿನ ಮಾತು. ಈ ಊರಿಗೆ ಅದು ಹೊಸದೂ ಅಲ್ಲ. ನಗರ ಸುಧಾರಣೆಯ ಟ್ರಸ್ಟ್ ಬೋರ್ಡು ಇಲ್ಲಿ 1903ರಷ್ಟು ಹಿಂದೆಯೇ ಹುಟ್ಟಿತು. ಅರ್ಜಿದಾರರು ಎಷ್ಟೇ ಮರ್ಯಾದಸ್ಥರಾಗಿರಲಿ, ಅಳತೆಯ ಟೇಪು ಹಿಡಿಯದೆ ಬಿಡುವುದಿಲ್ಲ. ಆಗ ನಮಗೆ ಕೋಪ ಬರುತ್ತದೆ, ಅದು ಬೇರೆ ಮಾತು.

ಗಣಕಯಂತ್ರದ ಒಳಗೂ ಇಂಥದೇ ಒಂದು ಕಚೇರಿ ಇದೆ. ಅದಕ್ಕೆ ಕರ್ನಲ್ ಎಂದು ಹೆಸರು. ಯಂತ್ರದ ಸ್ಮರಣೆಯಲ್ಲಿ ಯಾವ ಪ್ರೋಗ್ರಾಮಿಗೆ ಎಷ್ಟು ಜಾಗ ಎಂದು ಹಂಚಿಕೊಡುವುದು ಅದರ ಕೆಲಸಗಳಲ್ಲೊಂದು. ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನಲ್ಲಿ ಈ ಅಧಿಕಾರ ನಡೆಸುವುದು ಲಿನಕ್ಸ್ ಎಂಬ ಕರ್ನಲ್. ಜಾಗ ಸಾಲದ ಪ್ರೋಗ್ರಾಮು, ‘ನನ್ನ ಗಡಿಯನ್ನು ಇಲ್ಲಿಯವರೆಗೆ ಸರಿಸಿಕೊಡಿ’ ಎಂದು ಒಂದು ಅಂಕಿಯನ್ನು ಕಳುಹಿಸುತ್ತದೆ. ಅಂಕಿ ಬರೆದವನು ಸಾಧುವೋ ಕಳ್ಳನೋ ಕರ್ನಲ್ಲಿಗೆ ತಿಳಿಯದು.

32 ಬಿಟ್ಟಿನ ಯಂತ್ರಗಳಲ್ಲಿ ಸ್ಮರಣೆಯ ವಿಳಾಸಗಳ ಹರವು ಒಟ್ಟು 4 ಗಿಗಾಬೈಟು. ಅದರಲ್ಲಿ ಕೆಳಗಿನ 3 ಪ್ರೋಗ್ರಾಮಿಗೆ, ಮೇಲಿನ 1 ಕರ್ನಲ್ಲಿಗೆ ಎಂಬುದು ಲಿನಕ್ಸಿನ ರೂಢಿಯ ಪಾಲು. ನಡುವಿನ ಗೋಡೆ ದಾಟಿದವನೇ ಯಂತ್ರದ ಯಜಮಾನ. ಹೀಗಿದ್ದೂ 2003ರ 2.4.22ನೆಯ ಆವೃತ್ತಿಯಲ್ಲಿ, ಗಡಿ ಸರಿಸುವ ಭಾಗವು ಕೇಳಿದ ಜಾಗ ಗೋಡೆಯ ಆಚೆಗೆ ಹೋಗುವುದೇ ಎಂದು ನೋಡುತ್ತಿರಲಿಲ್ಲ!

ಆ ವರ್ಷದ ಸೆಪ್ಟೆಂಬರಿನಲ್ಲಿ ಆಂಡ್ರ್ಯೂ ಮಾರ್ಟನ್ ಈ ಕೊರತೆಯನ್ನು ಕಂಡುಹಿಡಿದರು. ಅಷ್ಟರಲ್ಲಿ 2.4.22 ಹೊರಬಿದ್ದಾಗಿತ್ತು. ತಿದ್ದುಪಡಿ ಮುಂದಿನ ಆವೃತ್ತಿಯ ಸರದಿಯಲ್ಲಿ ಕಾದು ಕುಳಿತಿತು. ನವೆಂಬರಿನಲ್ಲಿ, ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ಡೆಬಿಯನ್ ಬಳಗದ ಯಂತ್ರವೊಂದಕ್ಕೆ ಯಾರೋ ಕದ್ದ ಪಾಸ್‌ವರ್ಡಿನಿಂದ ಸಾಮಾನ್ಯ ಬಳಕೆದಾರನಂತೆ ಒಳಹೊಕ್ಕರು. ಇದೇ ಕಿಂಡಿಯಿಂದ ಯಜಮಾನರಾದರು. ಬಳಗದ ನಾಲ್ಕು ಯಂತ್ರಗಳು ಹೀಗೆ ಕೈಬಿಟ್ಟುಹೋದವು.

ತಿದ್ದುಪಡಿ ಎಷ್ಟು ದೊಡ್ಡದೆಂದು ಕೇಳುವಿರಾ? ಎರಡು ಪ್ರಶ್ನೆ, ಅಷ್ಟೇ. ಮೊದಲನೆಯದು, ಕೊನೆಯ ಅಂಚು ಗೋಡೆಯನ್ನು ದಾಟಿದೆಯೇ? ಇದು ಯಾರಿಗಾದರೂ ಹೊಳೆಯುತ್ತದೆ. ಎರಡನೆಯದು ಸ್ವಾರಸ್ಯದ್ದು: ಕೂಡಿದ ಮೇಲೆ ಬಂದ ಮೊತ್ತ ಮೊದಲಿದ್ದುದಕ್ಕಿಂತ ಚಿಕ್ಕದಾಗಿದೆಯೇ? ಕೂಡಿದರೆ ಕಡಿಮೆಯಾಗುವುದುಂಟೆ ಎಂದು ನಗಬೇಡಿ. ಹಳೆಯ ವಿದ್ಯುತ್ ಮೀಟರನ್ನು ನೆನೆದುಕೊಳ್ಳಿ. 9999 ಆದಮೇಲೆ ಒಂದು ಹೆಚ್ಚಾದರೆ ಅದು ತೋರಿಸುವುದು 0000. 32 ಬಿಟ್ಟಿನ ಲೆಕ್ಕವೂ 4294967295 ಮುಟ್ಟಿ, ಇನ್ನೊಂದು ಕೂಡಿದೊಡನೆ ಸೊನ್ನೆಗೆ ಉರುಳುತ್ತದೆ. ಭಾರಿ ಅಂಕಿ ಕಳುಹಿಸಿದ ವಂಚಕನ ಕೋರಿಕೆ ಆಗ ಅಲ್ಪಸ್ವಲ್ಪವೆಂದು ಕಾಣುತ್ತದೆ. ಮೊದಲನೆಯ ಪ್ರಶ್ನೆಯೊಂದೇ ಇದ್ದರೆ ದಾಟಿಕೊಂಡೇ ಹೋಗುತ್ತದೆ.

ಈ ಎರಡು ಪ್ರಶ್ನೆಗಳನ್ನು ಒಳಗೊಂಡ 2.4.23 ಹೊರಬಂದದ್ದು 2003ರ ನವೆಂಬರ್ 28ರಂದು. ಡೆಬಿಯನ್ನಿನ ಯಂತ್ರಗಳು ಕೈತಪ್ಪಿ ಅಷ್ಟುಹೊತ್ತಿಗೆ ಒಂದು ವಾರ ಕಳೆದಿದ್ದಿತು.